863ನೇ ಸಾಲಿನಲ್ಲಿ ನಿಂತ ಪ್ರೋಗ್ರಾಂ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಪತ್ರಿಕೆಗಳು ಅಚ್ಚು ಹಾಕುವ ಜಿಲ್ಲಾವಾರು ಪಟ್ಟಿಯಲ್ಲಿ ತುಮಕೂರಿಗೆ ಒಂದು ಸಾಲು, ಮಧುಗಿರಿಗೆ ಇನ್ನೊಂದು ಸಾಲು. ಕಂದಾಯದ ಲೆಕ್ಕದಲ್ಲಿ ಮಧುಗಿರಿ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಾತ್ರ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಅದೇ ಒಂದು ಶೈಕ್ಷಣಿಕ ಜಿಲ್ಲೆ. ಚಿಕ್ಕೋಡಿ, ಶಿರಸಿಗಳದ್ದೂ ಇದೇ ಕಥೆ. ಈ ನಾಲ್ಕು ತಾಲ್ಲೂಕಿನ ಶಾಲೆಗಳ ಪಟ್ಟಿ, ಹಳೆಯ ಸುತ್ತೋಲೆ, ಸ್ಕ್ಯಾನ್ ಮಾಡಿಟ್ಟ ದಾಖಲೆಗಳನ್ನೆಲ್ಲ ಒಂದೇ ಕಡೆ ಹುಡುಕಲು ಬರುವಂತೆ ಮಾಡೋಣ ಎಂದು ಯಾರಾದರೂ ಹೊರಟರು ಎನ್ನಿ. ಅವರು ಬರೆಯುವ ಪ್ರೋಗ್ರಾಂ ಎಲ್ಲ ಕೆಲಸವನ್ನೂ ತಾನೇ ಮಾಡುವುದಿಲ್ಲ. ಪಿಡಿಎಫ್‌ನಿಂದ ಪಠ್ಯ ತೆಗೆಯಲು ಒಂದು, ಸ್ಕ್ಯಾನ್ ಪುಟ ಓದಲು ಟೆಸೆರಾಕ್ಟ್, ನುಡಿ ಫಾಂಟಿನಲ್ಲಿರುವುದನ್ನು ಯೂನಿಕೋಡಿಗೆ ತರಲು ಮತ್ತೊಂದು, ಹೀಗೆ ಬೇರೆಯವರು ಬರೆದಿಟ್ಟ ಪ್ರೋಗ್ರಾಂಗಳನ್ನು ಕರೆದು ಕೆಲಸ ಮಾಡಿಸಿಕೊಳ್ಳುತ್ತದೆ. ಕರೆಯುವುದು ಪೇರೆಂಟ್ ಪ್ರೊಸೆಸ್, ಕರೆಸಿಕೊಂಡದ್ದು ಚೈಲ್ಡ್ ಪ್ರೊಸೆಸ್.

ಈ ಕರೆಯುವ ಪದ್ಧತಿಯನ್ನೇ ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಕನ್ನಡ ಮತ್ತು ಕಂಪ್ಯೂಟರಿನ ಬಗ್ಗೆ ನಮ್ಮಲ್ಲಿ ಚರ್ಚೆ ಕಡಿಮೆಯೇನೂ ಆಗಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ, 1998ರಲ್ಲಿ ಬಂದ ಬರಹ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ನುಡಿ, ಆಮೇಲೆ ಯೂನಿಕೋಡ್, ಇವುಗಳ ಸುತ್ತ ಜಗಳವೂ ಆಗಿದೆ, ಕೆಲಸವೂ ಆಗಿದೆ. ಆದರೆ ಆ ಚರ್ಚೆಯೆಲ್ಲ ಎರಡು ತುದಿಯದು: ಬೆರಳು ಒತ್ತುವ ತುದಿ, ಕಣ್ಣು ನೋಡುವ ತುದಿ. ನಡುವೆ ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಕನ್ನಡವನ್ನು ದಾಟಿಸುವ ಜಾಗದ ಬಗ್ಗೆ ತಲೆ ಕೆಡಿಸಿಕೊಂಡವರು ಕಡಿಮೆ. ಅಕ್ಷರ ಹಾಳಾಗುವುದು, ಕೆಲಸ ನಿಂತುಹೋಗುವುದು, ತಪ್ಪು ಮುಚ್ಚಿಹೋಗುವುದು ಈಗ ಹೆಚ್ಚಾಗಿ ಆ ಜಾಗದಲ್ಲೇ.

ಯುನಿಕ್ಸ್ ವಂಶದ ಯಾವ ವ್ಯವಸ್ಥೆಯಲ್ಲಾದರೂ ಒಂದು ಪ್ರೊಸೆಸ್ ಹುಟ್ಟುವಾಗ ಅದಕ್ಕೆ ಮೂರು ದಾರಿಗಳನ್ನು ಕೊಟ್ಟೇ ಕಳಿಸುತ್ತಾರೆ. 0 ಸಂಖ್ಯೆಯದು ಇನ್‌ಪುಟ್, 1 ಔಟ್‌ಪುಟ್, 2 ಎರರ್. ಬೇರೇನೂ ಹೇಳದಿದ್ದರೆ ಪೇರೆಂಟಿಗೆ ಇದ್ದ ಮೂರೂ ದಾರಿ ಹಾಗೇ ಚೈಲ್ಡ್‌ಗೂ ಬರುತ್ತವೆ. ಪ್ರೋಗ್ರಾಂಗಳನ್ನು ತೋಟದ ರಬ್ಬರ್ ಪೈಪಿನ ಹಾಗೆ ಒಂದಕ್ಕೊಂದು ಸಿಕ್ಕಿಸಬೇಕು ಎಂದು ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್‌ರಾಯ್ ಟಿಪ್ಪಣಿ ಬರೆದದ್ದು 1964ರಲ್ಲಿ. ಕೆನ್ ಥಾಂಪ್ಸನ್ ಅದನ್ನು ಯುನಿಕ್ಸ್‌ಗೆ ಸೇರಿಸಿದ್ದು 1973ರಲ್ಲಿ. ಆಗ ಇನ್ನೂ ಎರಡೇ ದಾರಿ. ಮೂರನೆಯದು ಬಂದ ಕಥೆ ನಮ್ಮ ಡಿಟಿಪಿ ಅಂಗಡಿಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಬೆಲ್ ಲ್ಯಾಬ್ಸ್‌ನಲ್ಲಿ ಅಕ್ಷರ ಜೋಡಿಸಲು ಫೋಟೋಟೈಪ್‌ಸೆಟರ್ ಯಂತ್ರವಿತ್ತು. ಅದರಿಂದ ಬಂದ ಉದ್ದನೆಯ ಕಾಗದವನ್ನು ವಾಸನೆ ಹೊಡೆಯುವ ರಾಸಾಯನಿಕದ ಯಂತ್ರಕ್ಕೆ ಹಾಕಿ, ಹಲವು ನಿಮಿಷ ಕಾದು ಹೊರತೆಗೆಯಬೇಕು. ಒಂದು ಮಧ್ಯಾಹ್ನ ಹಾಗೆ ಕಾದು ತೆಗೆದ ಕಾಗದದ ಮೇಲೆ ಇದ್ದದ್ದು ಒಂದೇ ಸಾಲು: ಫೈಲ್ ತೆರೆಯಲಾಗಲಿಲ್ಲ ಎಂಬ ದೂರು, ಬಹಳ ಅಂದವಾದ ಅಚ್ಚಿನಲ್ಲಿ! ಒಬ್ಬರಿಗಲ್ಲ, ಹಲವರಿಗೆ ಹೀಗಾಯಿತು ಎಂದು ಅಲ್ಲೇ ಇದ್ದ ಸ್ಟೀವ್ ಜಾನ್ಸನ್ ನೆನಪಿಸಿಕೊಂಡಿದ್ದಾರೆ. ದೂರಿಗೆ ಬೇರೆಯೇ ದಾರಿ ಬೇಕೆಂದು ಕಂಡದ್ದು ಆಗ. 1975ರ ಆರನೇ ಆವೃತ್ತಿಯ ಹೊತ್ತಿಗೆ ಸ್ಟ್ಯಾಂಡರ್ಡ್ ಎರರ್ ಯುನಿಕ್ಸ್‌ನಲ್ಲಿ ನೆಲೆಯಾಯಿತು. ಫಲ ಮತ್ತು ದೂರು ಒಂದೇ ಕಾಗದದಲ್ಲಿ ಬೆರೆಯಬಾರದು ಎಂಬಷ್ಟೇ ಅದರ ತತ್ವ. ಐವತ್ತು ವರ್ಷವಾದರೂ ಅದಕ್ಕಿಂತ ಒಳ್ಳೆಯ ಏರ್ಪಾಡನ್ನು ಯಾರೂ ಕೊಟ್ಟಿಲ್ಲ. ನಾವು ಮಾಡಿದ್ದೇನೆಂದರೆ, ಆ ದಾರಿಯ ಇನ್ನೊಂದು ತುದಿಯಲ್ಲಿ ಯಾರನ್ನೂ ಕೂರಿಸದೆ ಬಿಟ್ಟದ್ದು.

ನಮ್ಮ ಕಡೆ ಇಂಥ ಕೆಲಸವನ್ನು ಹೆಚ್ಚಿನವರು ಪೈಥಾನಿನಲ್ಲಿ ಮಾಡುವುದರಿಂದ ಅದರ ಸಬ್‌ಪ್ರೊಸೆಸ್ ಎಂಬ ಮಾಡ್ಯೂಲನ್ನೇ ಮುಖ್ಯ ಕೃತಿಯಾಗಿ ಇಟ್ಟುಕೊಳ್ಳುತ್ತೇನೆ. ಪೀಟರ್ ಆಸ್ಟ್ರಾಂಡ್ 2003ರಲ್ಲಿ ಇದರ ಪ್ರಸ್ತಾವ ಬರೆದರು. 2004ರ ಕೊನೆಯಲ್ಲಿ ಪೈಥಾನ್ 2.4ರ ಜೊತೆ ಬಂತು. ಅದಕ್ಕೂ ಮುಂಚೆ ಸಿಸ್ಟಮ್, ಪೊಪೆನ್, ಪೊಪೆನ್2, ಪೊಪೆನ್3, ಕಮಾಂಡ್ಸ್ ಎಂದು ಒಂದೊಂದಕ್ಕೆ ಒಂದೊಂದು ನಿಯಮವಿದ್ದ ಗುಂಪೇ ಇತ್ತು. ಅವೆಲ್ಲವನ್ನೂ ಒಂದು ಸೂರಿನಡಿ ತಂದು, ಮೂರು ದಾರಿಗಳಲ್ಲಿ ಪ್ರತಿಯೊಂದನ್ನೂ ಎಲ್ಲಿಗೆ ತಿರುಗಿಸಬೇಕು ಎಂದು ಬರೆಯುವವನೇ ಹೇಳಲಿ ಎಂಬ ವಿನ್ಯಾಸ ಅದರದು. ಆ ವಿನ್ಯಾಸಕ್ಕೆ ಪೂರ್ತಿ ಅಂಕ ಕೊಡಬೇಕು. 2015ರ 3.5ರಲ್ಲಿ ರನ್ ಎಂಬ ಸರಳ ಫಂಕ್ಷನ್, 3.6ರಲ್ಲಿ ಎನ್‌ಕೋಡಿಂಗ್ ಹೇಳುವ ಅವಕಾಶ, 3.7ರಲ್ಲಿ ಔಟ್‌ಪುಟ್ ಮತ್ತು ಎರರ್ ಎರಡನ್ನೂ ಒಂದೇ ಪದದಲ್ಲಿ ಹಿಡಿಯುವ ಸೌಲಭ್ಯ ಬಂತು. ಹದಿನೈದು ವರ್ಷ ತಿದ್ದಿಕೊಂಡು ಬಂದ ಕೃತಿ ಅದು. ನನ್ನ ತಕರಾರು ಹೆಚ್ಚಾಗಿ ಅದನ್ನು ಬಳಸುವ, ಕಲಿಸುವ ಪದ್ಧತಿಯ ಮೇಲೆ, ಸ್ವಲ್ಪ ಮಾತ್ರ ಕೃತಿಯ ಮೇಲೆ.

ಪರೀಕ್ಷೆಗೆ ನಾಲ್ಕು ತಾಲ್ಲೂಕಿನ ಹೆಸರನ್ನೇ ತೆಗೆದುಕೊಳ್ಳೋಣ. ಯೂನಿಕೋಡ್ ಕನ್ನಡವನ್ನು ಯುಟಿಎಫ್-8ರಲ್ಲಿ ಬರೆದಾಗ ಪ್ರತಿ ಮೂಲಾಕ್ಷರಕ್ಕೂ ಪ್ರತಿ ಗುಣಿತದ ಚಿಹ್ನೆಗೂ 3 ಬೈಟ್. ಇಂಗ್ಲಿಷಿಗೆ 1. ಹಾಗಾಗಿ ಮಧುಗಿರಿ 21 ಬೈಟ್, ಶಿರಾ 12, ಕೊರಟಗೆರೆ 24, ಪಾವಗಡ 15. ನಡುವೆ ಮೂರು ಖಾಲಿ ಜಾಗ, ಕೊನೆಗೆ ಸಾಲು ಮುರಿಯುವ ಒಂದು ಬೈಟ್ ಸೇರಿ ಒಂದು ಸಾಲಿಗೆ 76 ಬೈಟ್. ಒಂದು ಚೈಲ್ಡ್ ಪ್ರೊಸೆಸ್ ಈ ಸಾಲನ್ನು ಮತ್ತೆ ಮತ್ತೆ ಮುದ್ರಿಸಲಿ, ಪೇರೆಂಟ್ ಅದನ್ನು ಪೈಪಿನಲ್ಲಿ ಹಿಡಿಯಲಿ.

ಲಿನಕ್ಸ್‌ನಲ್ಲಿ ಒಂದು ಪೈಪು ಸಾಮಾನ್ಯವಾಗಿ ಹಿಡಿಯುವುದು 65,536 ಬೈಟ್. ಅದು ತುಂಬಿದ ಮೇಲೆ ಬರೆಯುವವನು ಕಾಯಬೇಕು, ಓದುವವನು ಸ್ವಲ್ಪ ಖಾಲಿ ಮಾಡುವವರೆಗೆ. ಈಗ ಪೇರೆಂಟ್ ಬರೆದವರು ಏನು ಮಾಡಿರುತ್ತಾರೆ? ಚೈಲ್ಡನ್ನು ಶುರು ಮಾಡಿ, ಔಟ್‌ಪುಟ್ಟಿಗೆ ಪೈಪು ಜೋಡಿಸಿ, ವೇಟ್ ಎಂದು ಬರೆದಿರುತ್ತಾರೆ: ಅದು ಮುಗಿಸಲಿ, ಆಮೇಲೆ ಓದಿದರಾಯಿತು. 800 ಸಾಲಿಗೆ 60,800 ಬೈಟ್, ಪೈಪಿನೊಳಗೆ ಹಿಡಿಯುತ್ತದೆ, ಎಲ್ಲ ಸರಿ. 900 ಸಾಲಿಗೆ 68,400. ಪೈಪಿನಲ್ಲಿ 862 ಸಾಲಿಗೆ ಪೂರ್ತಿ ಜಾಗ, 863ನೆಯದು ಅರ್ಧದಲ್ಲೇ. ಚೈಲ್ಡ್ ಪೈಪು ಖಾಲಿಯಾಗಲಿ ಎಂದು ಕಾಯುತ್ತದೆ. ಪೇರೆಂಟ್ ಚೈಲ್ಡ್ ಮುಗಿಯಲಿ ಎಂದು ಕಾಯುತ್ತದೆ. ಇಬ್ಬರೂ ಹಾಗೇ ಕೂತಿರುತ್ತಾರೆ. ತಪ್ಪಿನ ಸಂದೇಶವಿಲ್ಲ, ಪ್ರೊಸೆಸರ್ ಬಿಸಿಯಾಗುವುದಿಲ್ಲ, ಫ್ಯಾನ್ ಸದ್ದೂ ಇಲ್ಲ. ಒಂದು ತಾಲ್ಲೂಕಿನ ಪಟ್ಟಿ ಹಾಕಿ ನೋಡಿದಾಗ ಓಡಿದ್ದು ನಾಲ್ಕೂ ಸೇರಿಸಿದ ದಿನ ನಿಂತಿರುತ್ತದೆ. ಸರ್ವರ್ ನಿಧಾನ ಎಂದು ಬೈಯುತ್ತಾರೆ. ಇದೇ ಪ್ರೋಗ್ರಾಮಿಗೆ ಹೆಸರುಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರೆ ಸುಮಾರು ಸಾವಿರದ ಎಂಟುನೂರು ಸಾಲಿನವರೆಗೆ ಗುಟ್ಟು ಬಯಲಾಗುತ್ತಿರಲಿಲ್ಲ. ಕನ್ನಡ ಬೇಗ ಬಯಲು ಮಾಡಿತು ಅಷ್ಟೆ.

ಪೈಥಾನಿನ ದಾಖಲೆಯಲ್ಲಿ ವೇಟ್ ಎಂಬುದರ ವಿವರಣೆಯ ಕೆಳಗೇ ಈ ಎಚ್ಚರಿಕೆ ಇದೆ. ಹೀಗೆ ಮಾಡಿದರೆ ಎರಡೂ ಸಿಕ್ಕಿಕೊಳ್ಳುತ್ತವೆ, ಕಮ್ಯುನಿಕೇಟ್ ಬಳಸಿ ಎನ್ನುತ್ತದೆ. ಜಾವಾದ ಪ್ರೊಸೆಸ್ ಕ್ಲಾಸಿನ ವಿವರಣೆಯಲ್ಲೂ ಇದೇ ಎಚ್ಚರಿಕೆ ಇತ್ತು. 2000ದ ಡಿಸೆಂಬರಿನಲ್ಲೇ ಮೈಕಲ್ ಡಕೋಂಟಾ ಜಾವಾವರ್ಲ್ಡ್‌ನಲ್ಲಿ ಇದರ ಮೇಲೆ ಪೂರ್ತಿ ಲೇಖನ ಬರೆದಿದ್ದರು. ಅಂದರೆ ಇದು ಗೊತ್ತಿಲ್ಲದ ರೋಗವಲ್ಲ. ನಮ್ಮ ಪ್ರಯೋಗಾಲಯದ ಕೈಪಿಡಿಗಳಲ್ಲಿ ಚೈಲ್ಡ್ ಪ್ರೊಸೆಸ್ ಪಾಠ ಫೋರ್ಕ್, ಎಕ್ಸೆಕ್, ವೇಟ್ ಎಂಬ ಮೂರು ಪದದಲ್ಲಿ ಮುಗಿಯುತ್ತದೆ, ಚೈಲ್ಡ್ ಹಲೋ ಎಂದು ಮುದ್ರಿಸುತ್ತದೆ, ವಿದ್ಯಾರ್ಥಿ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುತ್ತಾನೆ. ಹಲೋ ಐದೇ ಬೈಟ್.

ಕಮ್ಯುನಿಕೇಟ್ ಔಟ್‌ಪುಟ್, ಎರರ್ ಎರಡೂ ದಾರಿಯನ್ನು ಒಟ್ಟಿಗೆ ಓದುತ್ತಾ ಹೋಗುವುದರಿಂದ ಈ ತೊಡಕು ಬರುವುದಿಲ್ಲ. ರನ್ ಒಳಗೊಳಗೆ ಅದನ್ನೇ ಕರೆಯುತ್ತದೆ. ಅದರ ಮಿತಿಯೂ ಒಂದಿದೆ: ಬಂದದ್ದನ್ನೆಲ್ಲ ನೆನಪಿನಲ್ಲಿ ಕೂಡಿಹಾಕಿ ಚೈಲ್ಡ್ ಮುಗಿದ ಮೇಲೆಯೇ ಕೊಡುತ್ತದೆ. ಪಾವಗಡದ ತಿರುಮಣಿ ಸುತ್ತಿನ 2,050 ಮೆಗಾವ್ಯಾಟ್ ಸೌರ ಪಾರ್ಕಿನಂಥ ಕಡೆ ಬೆಳಗಿನಿಂದ ಸಂಜೆವರೆಗೆ ಅಂಕಿ ಬರುತ್ತಲೇ ಇರುತ್ತದೆ. ಅಂಥದಕ್ಕೆ ಇದು ಆಗುವ ಮಾತಲ್ಲ, ಸಾಲು ಸಾಲಾಗಿ ಓದಬೇಕು. ಅಲ್ಲೂ ಒಂದು ಕಿರಿಕಿರಿ ಇದೆ. ಪರದೆಗೆ ಬರೆಯುವಾಗ ಸಾಲು ಸಾಲಾಗಿ ಕಳಿಸುವ ಪ್ರೋಗ್ರಾಂ ಪೈಪಿಗೆ ಬರೆಯುವಾಗ ಸಾವಿರಾರು ಬೈಟ್ ಸೇರುವವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಚೈಲ್ಡ್ ಪೈಥಾನೇ ಆದರೆ ಯು ಎಂಬ ಆಯ್ಕೆ ಕೊಟ್ಟರೆ ಸಾಕು, ಇಲ್ಲದಿದ್ದರೆ ಸ್ಟಡ್‌ಬಫ್ ಎಂಬ ಸಲಕರಣೆ ಇದೆ.

ಇನ್ನು ಅಕ್ಷರ ತುಂಡಾಗುವ ಮಾತು. ಕಂಪ್ಯೂಟರು ಓದುವ ಗಾತ್ರಗಳು ಸಾಮಾನ್ಯವಾಗಿ ಎರಡರ ಘಾತಗಳು: 4,096, 8,192, 65,536. ಎರಡರ ಯಾವ ಘಾತವೂ 3ರಿಂದ ಭಾಗವಾಗುವುದಿಲ್ಲ. ಕನ್ನಡದ ಪ್ರತಿ ಮೂಲಾಕ್ಷರವೂ ಚಿಹ್ನೆಯೂ 3 ಬೈಟ್. ಹಾಗಾಗಿ ಬರೀ ಕನ್ನಡ ತುಂಬಿದ ಪಠ್ಯವನ್ನು ಈ ಅಳತೆಯಲ್ಲಿ ಮೊದಲ ಸಲ ಕತ್ತರಿಸಿದಾಗಲೇ ಕತ್ತರಿ ಒಂದು ಅಕ್ಷರದ ನಡುವೆ ಬೀಳುತ್ತದೆ. ಇಂಗ್ಲಿಷಿಗೆ ಈ ತಾಪತ್ರಯವೇ ಇಲ್ಲ. ನಮ್ಮ 76 ಬೈಟಿನ ಸಾಲಿಗೆ ಲೆಕ್ಕ ಹಾಕಿದರೆ, 65,536ನೇ ಬೈಟಿನ ಕತ್ತರಿ ಬೀಳುವುದು 863ನೇ ಸಾಲಿನ ಶಿರಾದ ಶಕಾರದೊಳಗೆ. ಶ ಎಂದರೆ 224, 178, 182 ಎಂಬ ಮೂರು ಬೈಟ್. ಮೊದಲೆರಡು ಈ ತುಂಡಿನ ಕೊನೆಗೆ, 182 ಮಾತ್ರ ಮುಂದಿನ ತುಂಡಿನ ತಲೆಗೆ. ಇನ್ನೊಂದು 65,536 ಆದ ಮೇಲೆ ಕತ್ತರಿ ಕೊರಟಗೆರೆಯ ಗಕಾರಕ್ಕೆ ಬೀಳುತ್ತದೆ: ಕೊರಟ ಈಚೆ, ಉಳಿದದ್ದು ಆಚೆ.

ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್‌ನಲ್ಲಿ ಚೈಲ್ಡಿನ ಔಟ್‌ಪುಟ್ ತುಂಡು ತುಂಡಾಗಿ ಬರುತ್ತದೆ. ಬಂದ ತುಂಡನ್ನು ಹಿಂದಿನದಕ್ಕೆ ಕೂಡಿಸುತ್ತಾ ಹೋಗು ಎಂದು ಬರೆದ ಮಾದರಿ ಕೋಡನ್ನು ಜನ ಕಣ್ಣು ಮುಚ್ಚಿ ನಕಲು ಮಾಡುತ್ತಾರೆ. ಕೂಡಿಸುವ ಆ ಕ್ಷಣದಲ್ಲೇ ಪ್ರತಿ ತುಂಡೂ ಬೇರೆ ಬೇರೆಯಾಗಿ ಅಕ್ಷರಕ್ಕೆ ತಿರುಗುತ್ತದೆ. ಅರ್ಧ ಶ ಅಕ್ಷರವಲ್ಲ. ಅದರ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರ ಬರುತ್ತದೆ, ಆಚೆ ತುಂಡಿಗೂ ಇನ್ನೊಂದು. ಶಿರಾ ಇದ್ದಲ್ಲಿ ಎರಡು ವಜ್ರ, ಆಸರೆ ಇಲ್ಲದ ಗುಡಿಸು, ಆಮೇಲೆ ರಾ. ಸಾವಿರಾರು ಸಾಲಿನಲ್ಲಿ ಒಂದು ಸಾಲು ಕೆಟ್ಟರೆ ಕಣ್ಣಿಗೆ ಬೀಳುವುದಿಲ್ಲ. ಆದರೆ ಆ ಸಾಲು ಒಂದು ಶಾಲೆಯದಾಗಿದ್ದರೆ, ತಾಲ್ಲೂಕಿನ ಹೆಸರಿಟ್ಟು ಹುಡುಕಿದಾಗ ಆ ಶಾಲೆ ಸಿಗುವುದೂ ಇಲ್ಲ. ಸೆಟ್‌ಎನ್‌ಕೋಡಿಂಗ್ ಎಂಬ ಒಂದು ಸಾಲು ಬರೆದಿದ್ದರೆ ಅರ್ಧ ಅಕ್ಷರವನ್ನು ಮುಂದಿನ ತುಂಡು ಬರುವವರೆಗೆ ಹಿಡಿದಿಟ್ಟುಕೊಳ್ಳುವ ಏರ್ಪಾಡು ನೋಡ್‌ನಲ್ಲೇ ಇದೆ. ಪೈಥಾನ್ ಇಲ್ಲಿ ಮೇಲು. ಪಠ್ಯವಾಗಿ ಓದು ಎಂದರೆ ಈ ಹಿಡಿದಿಡುವ ಕೆಲಸ ತಾನೇ ಮಾಡುತ್ತದೆ. ಬೈಟ್ ತುಂಡನ್ನು ನೀವೇ ತಿರುಗಿಸಲು ಹೋದರೆ ವಜ್ರ ಹಾಕಿ ಮುಚ್ಚುವುದಿಲ್ಲ, ಎರರ್ ಎಸೆದು ನಿಲ್ಲುತ್ತದೆ. ಸುಮ್ಮನೆ ಹಾಳಾಗುವುದಕ್ಕಿಂತ ಕೂಗಿ ನಿಲ್ಲುವುದು ಎಷ್ಟೋ ವಾಸಿ.

ಈ ತೊಂದರೆಯನ್ನು ಹುಡುಕುವುದು ಕಷ್ಟ ಏಕೆ ಎನ್ನುವುದೂ ಇದೇ ಲೆಕ್ಕದಲ್ಲಿದೆ. ಇದೇ ಪಟ್ಟಿಯನ್ನು ವಿಂಡೋಸ್ ರೀತಿಯಲ್ಲಿ ಸಾಲಿನ ಕೊನೆಗೆ ಎರಡು ಬೈಟ್ ಇಟ್ಟು ಬರೆದರೆ ಸಾಲಿಗೆ 77 ಬೈಟ್. ಆಗ ಮೊದಲ ಕತ್ತರಿ ಮಧು ಮತ್ತು ಗಿರಿಯ ನಡುವೆ ಸರಿಯಾಗಿ ಬೀಳುತ್ತದೆ, ಏನೂ ಕೆಡುವುದಿಲ್ಲ. ಎರಡನೆಯದೂ ಬೈಟಿನ ಮಟ್ಟದಲ್ಲಿ ಚೊಕ್ಕ. ಮೂರನೆಯದು ಶಿರಾದ ಗುಡಿಸನ್ನು ಸೀಳುತ್ತದೆ. ಒಬ್ಬರ ಯಂತ್ರದಲ್ಲಿ ಕಾಣುವುದು ಇನ್ನೊಬ್ಬರಲ್ಲಿ ಕಾಣುವುದಿಲ್ಲ. ನನ್ನ ಹತ್ತಿರ ಸರಿ ಇದೆಯಲ್ಲ ಎಂಬ ಮಾತಿಗೆ ಇಷ್ಟು ನ್ಯಾಯವಾದ ಕಾರಣ ಅಪರೂಪ.

ನೋಡ್‌ನದೇ ಇನ್ನೊಂದು ನಿಯಮ ಹೇಳಿಬಿಡುತ್ತೇನೆ. ಎಕ್ಸೆಕ್ ಎಂಬ ಫಂಕ್ಷನ್ ಹಿಡಿದಿಡುವ ಔಟ್‌ಪುಟ್ಟಿಗೆ ಮಿತಿ ಇದೆ, ಈಗ 10,48,576 ಬೈಟ್, 12ನೇ ಆವೃತ್ತಿಗೂ ಮುಂಚೆ 2,04,800. ಮೀರಿದರೆ ಚೈಲ್ಡನ್ನೇ ಕೊಲ್ಲುತ್ತದೆ. ಬೈಟಿನ ಮಿತಿಯಾದ್ದರಿಂದ ಕನ್ನಡಕ್ಕೆ ಸಿಗುವುದು ಇಂಗ್ಲಿಷಿನ ಮೂರನೇ ಒಂದು ಭಾಗ, ಚಿಹ್ನೆಗಳೂ ಸೇರಿ ಸುಮಾರು ಮೂರೂವರೆ ಲಕ್ಷ ಅಕ್ಷರ. ಇದನ್ನು ಮುಚ್ಚಿಟ್ಟಿಲ್ಲ. ದಾಖಲೆಯಲ್ಲೇ ನಾಲ್ಕು ಚೀನೀ ಅಕ್ಷರ ಬರೆದರೆ 13 ಬೈಟ್ ಹೋಗುತ್ತದೆ ಎಂದು ಉದಾಹರಣೆ ಕೊಟ್ಟಿದ್ದಾರೆ. ಚೀನೀಯರು ಕೇಳಿದ್ದರಿಂದ ಆ ಉದಾಹರಣೆ ಬಂದಿರಬೇಕು. ನಾವು ಕೇಳಿಲ್ಲ.

ವಿಂಡೋಸ್‌ಗೆ ಬಂದರೆ ಸಬ್‌ಪ್ರೊಸೆಸ್ ಕೃತಿಯ ಮೇಲಿನ ನನ್ನ ದೊಡ್ಡ ತಕರಾರು ಶುರುವಾಗುತ್ತದೆ. ಕನ್ನಡ ಮುದ್ರಿಸುವ ಒಂದು ಪೈಥಾನ್ ಪ್ರೋಗ್ರಾಮನ್ನು ನೇರವಾಗಿ ಓಡಿಸಿ, ಪರದೆಯ ಮೇಲೆ ಕನ್ನಡ ಬರುತ್ತದೆ. ಅದನ್ನೇ ಇನ್ನೊಂದು ಪ್ರೋಗ್ರಾಮಿನ ಚೈಲ್ಡ್ ಆಗಿ ಪೈಪಿನಲ್ಲಿ ಓಡಿಸಿ, ಮೊದಲ ಅಕ್ಷರಕ್ಕೇ ಸಾಯುತ್ತದೆ. ಪರದೆಗೆ ಬರೆಯುವಾಗ ಯೂನಿಕೋಡ್ ಬಳಸುವ ಪೈಥಾನ್ ಪೈಪು ಕಂಡ ತಕ್ಷಣ ಯಂತ್ರದ ಹಳೆಯ ಕೋಡ್ ಪೇಜಿಗೆ ತಿರುಗುತ್ತದೆ. ಇಂಗ್ಲಿಷ್ ಸೆಟ್ಟಿಂಗ್ ಇರುವ ನಮ್ಮ ಯಂತ್ರಗಳಲ್ಲಿ ಅದು 1252, ಪಶ್ಚಿಮ ಯೂರೋಪಿನ ಭಾಷೆಗಳದ್ದು. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ.

ಓದುವ ಕಡೆ ಇದೇ ಆದಾಗ ಇನ್ನೂ ವಿಚಿತ್ರ. ಟೆಸೆರಾಕ್ಟ್‌ನಂಥ ಚೈಲ್ಡ್ ಯುಟಿಎಫ್-8ರಲ್ಲೇ ಬರೆಯುತ್ತದೆ. ಪೇರೆಂಟ್ ಪೈಥಾನಿನಲ್ಲಿ ಪಠ್ಯವಾಗಿ ಓದು ಎಂದಷ್ಟೇ ಹೇಳಿ ಎನ್‌ಕೋಡಿಂಗ್ ಹೇಳದಿದ್ದರೆ ಅದು 1252 ಎಂದುಕೊಂಡು ಓದುತ್ತದೆ. 1252ರ ಪಟ್ಟಿಯಲ್ಲಿ 129, 141, 143, 144, 157 ಈ ಐದು ಸ್ಥಾನ ಖಾಲಿ. ಉಕಾರದ ಕೊಂಬಿನ ಕೊನೆಯ ಬೈಟ್ 129. ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆಯದು 141. ಏ, ಐ, ಝ ಅಕ್ಷರಗಳದ್ದು 143, 144, 157. ಇವು ಬಂದರೆ ಮಾತ್ರ ಪೈಥಾನ್ ಎರರ್ ಎಸೆಯುತ್ತದೆ. ಉಳಿದ ಕನ್ನಡವೆಲ್ಲ ತಲೆಯ ಮೇಲೆ ಗೀರಿರುವ ಲ್ಯಾಟಿನ್ ಅಕ್ಷರಗಳ ಸಾಲಾಗಿ ತಣ್ಣಗೆ ಒಳಗೆ ಬರುತ್ತದೆ. ನಾಲ್ಕು ತಾಲ್ಲೂಕಿನಲ್ಲಿ ಮಧುಗಿರಿಗೆ ಕೊಂಬಿದೆ, ಅದೊಂದೇ ನಿಲ್ಲಿಸಿ ಕೇಳುತ್ತದೆ. ಶಿರಾ ಹನ್ನೆರಡು, ಕೊರಟಗೆರೆ ಇಪ್ಪತ್ನಾಲ್ಕು, ಪಾವಗಡ ಹದಿನೈದು ಅರ್ಥವಿಲ್ಲದ ಚಿಹ್ನೆಗಳಾಗಿ ಡೇಟಾಬೇಸ್ ಸೇರುತ್ತವೆ. ಪರೀಕ್ಷೆ ಮಾಡುವವರು ಪಾವಗಡದ ಫೈಲ್ ಇಟ್ಟು ನೋಡಿ ಎರರ್ ಇಲ್ಲ ಎಂದು ಬರೆದುಕೊಳ್ಳುತ್ತಾರೆ!

ನುಡಿ, ಬರಹದ ಹಳೆಯ ಫಾಂಟುಗಳ ಕಾಲದಲ್ಲಿ ಪೈಪು ಹೀಗೆ ತಕರಾರು ಮಾಡಿರಲಿಲ್ಲ. ಆಗ ಅಕ್ಷರದ ಒಂದೊಂದು ಆಕಾರಕ್ಕೆ ಒಂದೊಂದು ಬೈಟ್, ಕಂಪ್ಯೂಟರಿನ ಪಾಲಿಗೆ ಅದೆಲ್ಲ ಲ್ಯಾಟಿನ್ ಪಠ್ಯವೇ. ಅದಕ್ಕೇ ಹಳೆಯ ವ್ಯವಸ್ಥೆ ಸರಿಯಿತ್ತು, ಯೂನಿಕೋಡ್ ಬಂದು ಕೆಡಿಸಿತು ಎನ್ನುವವರು ಸಿಗುತ್ತಾರೆ. ಒಪ್ಪಲಾಗದು. ಆಗ ಪೈಪಿನಲ್ಲಿ ಹೋಗುತ್ತಿದ್ದುದು ಕನ್ನಡವೇ ಅಲ್ಲ, ಕನ್ನಡದಂತೆ ಕಾಣುವ ಆಕಾರಗಳು. ಹುಡುಕಲು ಬರುತ್ತಿರಲಿಲ್ಲ, ಅಕಾರಾದಿಯಾಗಿ ಜೋಡಿಸಲೂ ಬರುತ್ತಿರಲಿಲ್ಲ. ಎನ್‌ಕೋಡಿಂಗ್ ಯುಟಿಎಫ್-8 ಎಂದು ಕರೆಯುವಾಗಲೇ ಹೇಳಿದರೆ ಓದುವ ತೊಂದರೆ ಹೋಗುತ್ತದೆ. ಚೈಲ್ಡ್ ಕೂಡ ಪೈಥಾನ್ ಆಗಿದ್ದರೆ ಅದರ ಪರಿಸರಕ್ಕೆ ಪೈಥಾನ್‌ಯುಟಿಎಫ್8 ಎಂಬ ಚರಕ್ಕೆ 1 ಬೆಲೆ ಕೊಟ್ಟು ಕಳಿಸಬೇಕು. ಇದನ್ನು ತಾನೇ ತಾನಾಗಿ ಮಾಡುವ ತೀರ್ಮಾನ ಪೈಥಾನಿನ ಪ್ರಸ್ತಾವಗಳಲ್ಲೊಂದಾದ ಪೆಪ್ 686ರಲ್ಲಾಗಿದ್ದು 3.15ನೇ ಆವೃತ್ತಿಗೆ ಇಟ್ಟಿದ್ದಾರೆ. ತಡವಾಯಿತು ಎಂದೇ ನನ್ನ ಮತ.

ಇನ್‌ಪುಟ್ಟಿನ ದಾರಿಯದು ಚಿಕ್ಕ ಕಥೆ, ಆದರೆ ಕೆಟ್ಟದ್ದು. ನಾಲ್ಕು ತಾಲ್ಲೂಕಿನ ಹೆಸರಿರುವ ಫೈಲನ್ನು ಶೆಲ್ಲಿನಲ್ಲಿ ಒಂದೊಂದೇ ಸಾಲಾಗಿ ಓದುತ್ತಾ, ಪ್ರತಿ ಹೆಸರಿಗೂ ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರದಲ್ಲಿ ಒಂದು ಕೆಲಸ ಮಾಡಿಸಿ. ಮಧುಗಿರಿಯದು ಆಗುತ್ತದೆ, ಲೂಪ್ ಮುಗಿಯುತ್ತದೆ. ಎರರ್ ಇಲ್ಲ. ಇನ್‌ಪುಟ್ ಎಲ್ಲಿಂದ ಎಂದು ನಾವು ಹೇಳದಿದ್ದರಿಂದ ಎಸ್‌ಎಸ್‌ಎಚ್ ಪೇರೆಂಟಿನ ಇನ್‌ಪುಟ್ಟನ್ನೇ ತನ್ನದೆಂದು ತಿಳಿದು ಶಿರಾ, ಕೊರಟಗೆರೆ, ಪಾವಗಡ ಮೂರನ್ನೂ ಓದಿ ಮುಗಿಸಿರುತ್ತದೆ. ಎನ್ ಎಂಬ ಆಯ್ಕೆ ಕೊಟ್ಟಿದ್ದರೆ ಸಾಕಿತ್ತು. ವಿಡಿಯೋ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ಗೂ ಇದೇ ಚಾಳಿ ಇದೆ, ಅದಕ್ಕೆ ನೋಸ್ಟಡಿನ್ ಎಂದು ಹೇಳಬೇಕು. ಚೈಲ್ಡ್‌ಗೆ ಇನ್‌ಪುಟ್ ಬೇಡವಾದರೆ ಬೇಡವೆಂದು ಬಾಯಿಬಿಟ್ಟು ಹೇಳುವುದು ಬರೆಯುವವರ ಕೆಲಸ.

ಇಷ್ಟು ಹೇಳಿದ ಮೇಲೂ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ದೋಷ ಮೂರನೇ ದಾರಿಯದು. ಪೈಪು ಸಿಕ್ಕಿಕೊಂಡರೆ ಯಾರಾದರೂ ಒಂದು ದಿನ ನೋಡಿಯೇ ನೋಡುತ್ತಾರೆ. ಎರರ್ ದಾರಿಯನ್ನು, ಬಂದದ್ದನ್ನೆಲ್ಲ ನುಂಗಿಬಿಡುವ ಡೆವ್‌ನಲ್‌ಗೆ ತಿರುಗಿಸಿದರೆ ಯಾರೂ ನೋಡುವುದಿಲ್ಲ, ಏಕೆಂದರೆ ನೋಡಲು ಏನೂ ಉಳಿದಿರುವುದಿಲ್ಲ. ಚೈಲ್ಡ್ ಬೇಡದ ಎಚ್ಚರಿಕೆ ಮುದ್ರಿಸಿ ಪರದೆ ಗಲೀಜಾಗುತ್ತದೆ ಎಂದು ಯಾರೋ ಒಂದು ಸಲ ಹಾಗೆ ಬರೆದಿರುತ್ತಾರೆ, ಆ ಸಾಲು ಕೈಯಿಂದ ಕೈಗೆ ನಕಲಾಗುತ್ತಾ ಹೋಗುತ್ತದೆ. ಕೆರೆಯ ತೂಬು ನೋಡಿಕೊಳ್ಳುವವನು, ಕೋಡಿಯಲ್ಲಿ ನೀರು ಸದ್ದು ಮಾಡುತ್ತದೆ ಎಂದು ಅದಕ್ಕೆ ಮಣ್ಣು ತುಂಬಿದ ಹಾಗೆ.

ಟೆಸೆರಾಕ್ಟ್‌ನ ಒಂದು ನಡೆಯನ್ನೇ ನೋಡಿ. ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ 1985ರಲ್ಲಿ ಶುರುವಾಗಿ 2005ರಲ್ಲಿ ಮುಕ್ತವಾದ ಈ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕನ್ನಡದ ಡೇಟಾ ಫೈಲ್ ಬೇರೆಯಾಗಿ ಹಾಕಿಕೊಳ್ಳಬೇಕು. ನಮ್ಮ ಸುತ್ತೋಲೆಗಳಲ್ಲಿ ಇಂಗ್ಲಿಷೂ ಬೆರೆತಿರುವುದರಿಂದ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಬಳಸು ಎಂದು ಕೊಡುವುದು ರೂಢಿ. ಹೊಸ ಯಂತ್ರಕ್ಕೆ ಸಾಗಿಸುವಾಗ ಕನ್ನಡದ ಫೈಲ್ ಬಿಟ್ಟುಹೋಯಿತು ಎನ್ನಿ. ಟೆಸೆರಾಕ್ಟ್ ಏನು ಮಾಡುತ್ತದೆ? ಕನ್ನಡ ತೆರೆಯಲಾಗಲಿಲ್ಲ ಎಂದು ಎರರ್ ದಾರಿಯಲ್ಲಿ ಹೇಳುತ್ತದೆ, ಇಂಗ್ಲಿಷ್ ಇದೆಯಲ್ಲ ಎಂದು ಕೆಲಸ ಮುಂದುವರಿಸುತ್ತದೆ, ಕೊನೆಗೆ 0 ಎಂಬ ಯಶಸ್ಸಿನ ಸಂಖ್ಯೆ ಕೊಟ್ಟು ಮುಗಿಸುತ್ತದೆ. ಕನ್ನಡದ ಪುಟವನ್ನು ಇಂಗ್ಲಿಷ್ ಅಕ್ಷರಗಳೆಂದು ಓದಿದ ಔಟ್‌ಪುಟ್ ಬಂದಿರುತ್ತದೆ. ರಿಟರ್ನ್ ಕೋಡ್ ಮಾತ್ರ ನೋಡುವ ಪೇರೆಂಟಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ರಾತ್ರಿ ಬಿಟ್ಟು ಹೋದವರು ಬೆಳಗ್ಗೆ ಬಂದು ಎಷ್ಟು ಫೈಲ್ ಆಯಿತು ಎಂದು ಎಣಿಸುತ್ತಾರೆ, ತೆರೆದು ಓದುವವರು ವಿರಳ. ಪುಟದ ರೆಸಲ್ಯೂಷನ್ ಸಾಲದು, ಊಹಿಸಿಕೊಂಡೆ ಎಂಬ ಮಾತೂ, ಪುಟದಲ್ಲಿ ಏನೂ ಸಿಗಲಿಲ್ಲ ಎಂಬ ಮಾತೂ ಅದೇ ದಾರಿಯಲ್ಲಿ ಬರುತ್ತವೆ. ಸ್ಕ್ಯಾನ್ ಕೆಟ್ಟಿದೆ ಎಂದು ಹೇಳುವ ಸಾಕ್ಷಿ ಅದೊಂದೇ.

ಪೈಥಾನಿನಿಂದ ಟೆಸೆರಾಕ್ಟ್ ಕರೆಯಲು ಹೆಚ್ಚು ಜನ ಬಳಸುವ ಪೈಟೆಸೆರಾಕ್ಟ್ ಚಿತ್ರವನ್ನೂ ಫಲಿತಾಂಶವನ್ನೂ ಪೈಪಿನಲ್ಲಿ ಕಳಿಸುವ ಗೋಜಿಗೇ ಹೋಗುವುದಿಲ್ಲ. ತಾತ್ಕಾಲಿಕ ಫೈಲಿಗೆ ಬರೆದು, ಚೈಲ್ಡನ್ನು ಓಡಿಸಿ, ಇನ್ನೊಂದು ತಾತ್ಕಾಲಿಕ ಫೈಲಿನಿಂದ ಓದಿಕೊಳ್ಳುತ್ತದೆ. ಒರಟು ವಿಧಾನ ಎಂದು ಮೂಗು ಮುರಿಯುವವರಿದ್ದಾರೆ, ನಾನು ಮುರಿಯುವುದಿಲ್ಲ. ಸಿಕ್ಕಿಕೊಳ್ಳುವುದಿಲ್ಲ, ಅಕ್ಷರ ಸೀಳುವುದಿಲ್ಲ, ಕೆಟ್ಟರೆ ಫೈಲ್ ತೆರೆದು ನೋಡಬಹುದು. ಆದರೆ ಅದೂ ಮೂರನೇ ದಾರಿಯಲ್ಲಿ ಎಡವುತ್ತದೆ. ಚೈಲ್ಡ್ ಸೋತರೆ ಎರರ್ ಮಾತನ್ನು ಮುಂದೆ ದಾಟಿಸುತ್ತದೆ, ಸೊನ್ನೆ ಕೊಟ್ಟರೆ ಬಂದ ಮಾತನ್ನೆಲ್ಲ ಕೈಬಿಡುತ್ತದೆ. ಕನ್ನಡದ ಫೈಲ್ ಇಲ್ಲ ಎಂಬ ಆ ಒಂದು ಸಾಲು ಅಲ್ಲೇ ಹೋಗುತ್ತದೆ.

ಸಬ್‌ಪ್ರೊಸೆಸ್ ಮಾಡ್ಯೂಲಿಗೂ ಇಲ್ಲಿ ಒಂದು ಅಂಕ ಕಳೆಯಬೇಕು. ಎರಡೂ ದಾರಿ ಹಿಡಿ, ಸೋತರೆ ಎರರ್ ಎಸೆ ಎಂದು ರನ್‌ಗೆ ಹೇಳಿದೆವು. ಚೈಲ್ಡ್ ಸೋತಾಗ ಪರದೆಯ ಮೇಲೆ ಬರುವುದು ಇಂಥ ಕಮಾಂಡ್ ಸೊನ್ನೆಯಲ್ಲದ ಸಂಖ್ಯೆ ಕೊಟ್ಟಿತು ಎಂಬ ಒಣ ಸಾಲು. ಏಕೆ ಸೋತೆ ಎಂದು ಚೈಲ್ಡ್ ಹೇಳಿದ ಮಾತು ಆ ಎರರ್ ವಸ್ತುವಿನೊಳಗೆ ಭದ್ರವಾಗಿರುತ್ತದೆ, ಆದರೆ ತಾನಾಗಿ ಮುದ್ರಣವಾಗುವುದಿಲ್ಲ. ಹಿಡಿಯದೆ ಬಿಟ್ಟಿದ್ದರೆ ಕನಿಷ್ಠ ಪರದೆಯಲ್ಲಾದರೂ ಕಾಣುತ್ತಿತ್ತು. ಜಾಗರೂಕನಾಗಿ ಹಿಡಿದವನಿಗೇ ಕಡಿಮೆ ತಿಳಿಯುವ ಈ ವಿನ್ಯಾಸವನ್ನು ಸಮರ್ಥಿಸುವುದು ಕಷ್ಟ.

ಎರರ್ ದಾರಿಯಲ್ಲಿ ಬರುವುದೆಲ್ಲ ಎರರ್ ಅಲ್ಲ ಎಂಬುದು ನಿಜ. ಎಫ್‌ಎಫ್‌ಎಂಪೆಗ್ ತನ್ನ ಪ್ರಗತಿಯ ಅಂಕಿಯನ್ನೂ ಅಲ್ಲೇ ಸುರಿಯುತ್ತದೆ. ಅಲ್ಲಿ ಏನಾದರೂ ಬಂದರೆ ಸೋತಿತು ಎಂದು ತಿಳಿಯುವುದು ಇನ್ನೊಂದು ತಪ್ಪು. ಎರಡನ್ನೂ ಒಂದೇ ಪೈಪಿಗೆ ಬೆರೆಸಿಬಿಡೋಣ ಎನ್ನುವವರು 1975ಕ್ಕೂ ಹಿಂದಕ್ಕೆ, ಆ ಅಂದವಾಗಿ ಅಚ್ಚಾದ ದೂರಿನ ಕಾಗದಕ್ಕೆ ಹೋಗುತ್ತಾರೆ. ನಾನು ಒಪ್ಪುವ ಪದ್ಧತಿ ಸಪ್ಪೆಯಾದದ್ದು: ಪ್ರತಿ ಚೈಲ್ಡಿನ ಎರರ್ ದಾರಿಯನ್ನು ದಿನಾಂಕ ಹಾಕಿದ ಒಂದು ಫೈಲಿಗೆ ತಿರುಗಿಸಿ. ಫೈಲಿಗೆ 64 ಕೆಬಿ ಮಿತಿಯಿಲ್ಲ, ಸಿಕ್ಕಿಕೊಳ್ಳುವುದಿಲ್ಲ, ಬೇಕಾದಾಗ ಓದಬಹುದು. ಅದನ್ನು ಪೈಪಿಗೆ ಜೋಡಿಸಿ ಓದದೆ ಬಿಡುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಔಟ್‌ಪುಟ್ ಸಣ್ಣದಿದ್ದರೂ ದೂರು ತುಂಬಿಯೇ ಕೆಲಸ ನಿಲ್ಲುತ್ತದೆ.

ಶೆಲ್ ಮೂಲಕ ಕರೆಯುವ ಅಭ್ಯಾಸವನ್ನೂ ಇದೇ ಉಸಿರಿನಲ್ಲಿ ಬಿಡಬೇಕು. ಫೈಲಿನ ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಶೆಲ್ ಅದನ್ನು ತುಂಡು ಮಾಡುತ್ತದೆ, ಅರ್ಧವಿರಾಮವಿದ್ದರೆ ಮುಂದಿನದನ್ನು ಬೇರೆ ಆದೇಶವೆಂದು ಓದುತ್ತದೆ. ನಮ್ಮಲ್ಲಿ ಶಾಲೆಯ ಹೆಸರನ್ನೇ ಫೈಲಿನ ಹೆಸರಾಗಿ ಇಡುವವರು ಬಹಳ, ಶಾಲೆಯ ಹೆಸರಿನಲ್ಲಿ ಖಾಲಿ ಜಾಗವೂ ಆವರಣವೂ ಇದ್ದೇ ಇರುತ್ತವೆ.

ಒಟ್ಟಿನಲ್ಲಿ ಸಬ್‌ಪ್ರೊಸೆಸ್ ಒಳ್ಳೆಯ ಕೃತಿ. ರನ್ ಮೂಲಕ, ಎನ್‌ಕೋಡಿಂಗ್ ಹೇಳಿ, ಇನ್‌ಪುಟ್ ಬೇಡವೆಂದು ಹೇಳಿ, ಎರರ್‌ಗೆ ಫೈಲ್ ಕೊಟ್ಟು ಬಳಸಿದರೆ ಕನ್ನಡಕ್ಕೆ ಸಾಕಷ್ಟು ಗಟ್ಟಿ. ಹಾಗೆ ಬಳಸದ ರೂಢಿಗೆ ಪಾಸ್ ಅಂಕವನ್ನೂ ಕೊಡಲಾರೆ. ಪಾಲಿಟೆಕ್ನಿಕ್, ಪದವಿ ಕಾಲೇಜುಗಳಲ್ಲಿ ಇದನ್ನು ಕಲಿಸುವವರಲ್ಲಿ ಒಂದು ಕೋರಿಕೆ: ಹಲೋ ಮುದ್ರಿಸುವ ಚೈಲ್ಡನ್ನು ಬಿಟ್ಟು, ನಿಮ್ಮ ತಾಲ್ಲೂಕಿನ ಹೆಸರನ್ನು ಕನ್ನಡದಲ್ಲಿ ಲಕ್ಷ ಸಲ ಮುದ್ರಿಸುವ ಚೈಲ್ಡ್ ಕೊಡಿ, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಓಡಿಸಲು ಹೇಳಿ. ಕೋಡ್ ಪರಿಶೀಲಿಸುವವರು ಡೆವ್‌ನಲ್ ಎಂಬ ಪದ ಕಂಡಲ್ಲೆಲ್ಲ, ಇದನ್ನು ಏಕೆ ಹಾಕಿದ್ದೀರಿ ಎಂದು ಒಂದು ಸಾಲಿನ ಕಾರಣ ಬರೆಸಿಕೊಳ್ಳಿ. ಕಾರಣ ಬರೆಯಲಾಗದಿದ್ದರೆ ಆ ಸಾಲನ್ನು ತೆಗೆಸಿ.